ಒಂದೇ ಬೀಡಿನ ಬಾಣಲೆ, ರಾತ್ರಿಗೆ ಪೂರ್ತಿ ಊಟ

ಕೆಲಸ ಮುಗಿಸಿ ರಾತ್ರಿ 8 ಗಂಟೆಗೆ ಮನೆ ಸೇರಿದ ಮೇಲೆ ಅನ್ನಕ್ಕೊಂದು ಕುಕ್ಕರ್, ಸಾರಿಗೊಂದು ಪಾತ್ರೆ, ಪಲ್ಯಕ್ಕೊಂದು ಬಾಣಲೆ ಅಂತ ಇಡುವುದು ಕಷ್ಟ. ಅವನ್ನೆಲ್ಲ ತೊಳೆಯುವುದು ಇನ್ನೂ ಕಷ್ಟ. ಹಾಗಂತ ದಿನಾ ಹೊರಗಿನಿಂದ ತರಿಸುವುದೂ ಆಗದ ಮಾತು. ಇಂಥ ರಾತ್ರಿಗಳಿಗೆ ಬೀಡಿನ, ಅಂದರೆ ಎರಕದ ಕಬ್ಬಿಣದ, ಬಾಣಲೆಯಷ್ಟು ಒದಗುವ ಪಾತ್ರೆ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಹಿಟ್ಟು, ತರಕಾರಿ, ಕಾಳು ಎಲ್ಲ ಒಂದರಲ್ಲೇ ಬಿದ್ದು, ಕೆಳಗೆ ಗರಿಗರಿಯಾಗಿ ಮೇಲೆ ಮೆತ್ತಗೆ ಬೆಂದು, ಮೊಸರೋ ಚಟ್ನಿಪುಡಿಯೋ ಪಕ್ಕಕ್ಕೆ ಇಟ್ಟುಕೊಂಡರೆ ಊಟ ಮುಗಿಯಿತು.

ಆದರೆ ಈ ಬಾಣಲೆಯನ್ನು ನಾನ್‌ಸ್ಟಿಕ್ ಥರ ಬಳಸಿದರೆ ಎಲ್ಲಾ ಅಂಟುತ್ತದೆ, ಸೀಯುತ್ತದೆ. ಇದರ ಗುಟ್ಟು ಒಂದೇ: ಮೊದಲು ನಿಧಾನವಾಗಿ ಕಾಯಿಸಿ, ಆಮೇಲೆ ಉರಿ ತಗ್ಗಿಸಿ. ಕೆಳಗೆ ಬರೆದಿರುವ ಅಡುಗೆಗಳೆಲ್ಲ ಇದರ ಮೇಲೇ ನಿಂತಿವೆ.

ಬಾಣಲೆ ಯಾವುದು?

ಅಂಗಡಿಯಲ್ಲಿ ಕಬ್ಬಿಣದ ಬಾಣಲೆ ಅಂತ ಕೇಳಿದರೆ ಎರಡು ಥರದ್ದು ಕೊಡುತ್ತಾರೆ. ಒಂದು ಕಬ್ಬಿಣದ ತಗಡನ್ನು ಬಡಿದು ಅಥವಾ ಒತ್ತಿ ಮಾಡಿದ್ದು, ತೆಳ್ಳಗಿರುತ್ತದೆ, ಬಿದ್ದರೆ ತಗ್ಗು ಬೀಳುತ್ತದೆ. ಇನ್ನೊಂದು ಎರಕ ಹೊಯ್ದದ್ದು, ಅದೇ ಬೀಡು. ದಪ್ಪ, ಭಾರ, ಮೈ ಸ್ವಲ್ಪ ತರಿತರಿ. ಬೀಡಿನಲ್ಲಿ ಸುಮಾರು 2ರಿಂದ 4 ಶೇಕಡಾ ಇಂಗಾಲ ಇರುತ್ತದೆ, ಅದಕ್ಕೇ ಅದು ಗಟ್ಟಿ ಆದರೂ ಪೆಡಸು. ಕೈ ಜಾರಿ ನೆಲಕ್ಕೆ ಬಿದ್ದರೆ ಒಡೆಯಬಹುದು, ಬಿಸಿ ಇರುವಾಗ ತಣ್ಣೀರು ಸುರಿದರೆ ಸೀಳಬಹುದು. ಇದನ್ನು ಮಾತ್ರ ಮರೆಯಬೇಡಿ.

ಇಬ್ಬರು ಮೂವರಿಗೆ 10 ಇಂಚಿನ, ತಳ ಚಪ್ಪಟೆ ಇರುವ, ಅಂಚು 2 ಇಂಚು ಎತ್ತರದ ಬಾಣಲೆ ಸಾಕು. ಅದೇ 2 ಕೆಜಿಗಿಂತ ಜಾಸ್ತಿ ತೂಗುತ್ತದೆ. 12 ಇಂಚಿನದು ತುಂಬಿದ ಮನೆಗೆ ಒಳ್ಳೆಯದು, ಆದರೆ ಅಡುಗೆ ಸಮೇತ ಒಂದು ಕೈಯಲ್ಲಿ ಎತ್ತಲು ಆಗುವುದಿಲ್ಲ, ಎರಡೂ ಕಡೆ ಹಿಡಿ ಇರುವುದನ್ನೇ ನೋಡಿ. ಕೂರುವಂಥ ಒಂದು ಮುಚ್ಚಳ ಬೇಕು. ಯಾವ ಸ್ಟೀಲ್ ತಟ್ಟೆಯಾದರೂ ನಡೆಯುತ್ತದೆ. ತಳ ಉರುಟಾಗಿರುವ ಆಳದ ಬಾಣಲೆ ಕರಿಯಲು, ಒಗ್ಗರಣೆಗೆ ಚೆನ್ನ, ಇಲ್ಲಿ ಹೇಳುವ ಊಟಗಳಿಗೆ ಅಷ್ಟು ಹೊಂದುವುದಿಲ್ಲ.

ಈಗ ಎಣ್ಣೆ ಕುಡಿಸಿ ಪಳಗಿಸಿಯೇ ಮಾರುವ ಬಾಣಲೆಗಳು ಬರುತ್ತವೆ, ತಂದ ದಿನವೇ ತೊಳೆದು ಬಳಸಬಹುದು. ಜಾತ್ರೆ, ಸಂತೆಯಲ್ಲಿ ಕೊಂಡದ್ದಾದರೆ ಮೇಲೆ ಗ್ರೀಸೋ ಕಪ್ಪು ಪುಡಿಯೋ ಇರುತ್ತದೆ. ಬಿಸಿನೀರು, ಸೋಪು, ಗಟ್ಟಿ ಬ್ರಶ್ ಹಾಕಿ ಉಜ್ಜಿ. ನಮ್ಮ ಕಡೆ ಹಳಬರು ಅಕ್ಕಿ ತೊಳೆದ ನೀರನ್ನೋ ಗಂಜಿಯನ್ನೋ ತುಂಬಿ ಕೆಲವು ದಿನ ಇಟ್ಟು, ದಿನಾ ನೀರು ಬದಲಾಯಿಸಿ ಉಜ್ಜುತ್ತಿದ್ದರು. ಅದರಿಂದ ಹೊಸ ಬಾಣಲೆಯ ಕಪ್ಪು, ಕಬ್ಬಿಣದ ವಾಸನೆ ಬಿಡುತ್ತದೆ. ಆಮೇಲೆ ಪೂರ್ತಿ ಒಣಗಿಸಿ ಎಣ್ಣೆ ಕುಡಿಸಬೇಕು. ಒಂದು ಚಮಚ ಎಣ್ಣೆ ಒಳಗೂ ಹೊರಗೂ ಸವರಿ, ಒಣ ಬಟ್ಟೆಯಿಂದ ಎಣ್ಣೆ ಇಲ್ಲವೇನೋ ಅನ್ನುವಷ್ಟು ಒರೆಸಿ, ಗ್ಯಾಸ್ ಮೇಲೆ ಹೊಗೆ ಬಂದು ನಿಲ್ಲುವವರೆಗೆ ಕಾಯಿಸಿ, ಕಿಟಕಿ ತೆರೆದಿರಲಿ. ಆರಿದ ಮೇಲೆ ಮತ್ತೆ ಅದೇ. ನಾಲ್ಕೈದು ಸಲ ಮಾಡಿದರೆ ಆ ತೆಳು ಎಣ್ಣೆ ಬಿಸಿಗೆ ಗಟ್ಟಿಯಾಗಿ, ಕಬ್ಬಿಣಕ್ಕೆ ಕಚ್ಚಿಕೊಂಡು ಕಪ್ಪು ಪದರವಾಗುತ್ತದೆ. ಎಣ್ಣೆ ಜಾಸ್ತಿ ಬಿಟ್ಟರೆ ಪದರ ಆಗುವುದಿಲ್ಲ, ಜಿಗುಟಾಗಿ ಉಳಿಯುತ್ತದೆ. ಓವನ್ ಇದ್ದರೆ ಬೋರಲು ಹಾಕಿ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಗಂಟೆ. ಸೂರ್ಯಕಾಂತಿ ಎಣ್ಣೆ ಸಾಕು. ಅಗಸೆ ಎಣ್ಣೆ ಹಚ್ಚಿ ಅಂತ ತುಂಬಾ ಜನ ಹೇಳುತ್ತಾರೆ, ಆದರೆ ಆ ಪದರ ಮುಂದೆ ಚಕ್ಕೆ ಚಕ್ಕೆಯಾಗಿ ಏಳುವುದು ಜಾಸ್ತಿ.

ಕಾಯುವುದೇ ಅರ್ಧ ಅಡುಗೆ

ಬೀಡು ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಬೇಗ ಹರಡುವುದಿಲ್ಲ. ಶಾಖ ಸಾಗಿಸುವುದರಲ್ಲಿ ಅದು ಅಲ್ಯುಮಿನಿಯಂನ ಸುಮಾರು ಕಾಲು ಭಾಗ ಅಷ್ಟೇ. ಅದಕ್ಕೇ ದೊಡ್ಡ ಉರಿ ಇಟ್ಟು ಎರಡೇ ನಿಮಿಷಕ್ಕೆ ಹಿಟ್ಟು ಹಾಕಿದರೆ ನಡುವೆ ಕರಕಲು, ಅಂಚಿನಲ್ಲಿ ಹಸಿ. ಸಣ್ಣದಕ್ಕೂ ಮಧ್ಯಮಕ್ಕೂ ನಡುವಿನ ಉರಿಯಲ್ಲಿ 5 ನಿಮಿಷ ಬಿಡಿ. ಆ ಹೊತ್ತಿನಲ್ಲಿ ಈರುಳ್ಳಿ ಹೆಚ್ಚಿಕೊಳ್ಳಿ. ಗ್ಯಾಸಿನ ಬರ್ನರ್ ಸಣ್ಣದಾದರೆ ಬಾಣಲೆಯನ್ನು ಆಗಾಗ ಸ್ವಲ್ಪ ಆ ಕಡೆ ಈ ಕಡೆ ಸರಿಸಿ. ನಾಲ್ಕು ಹನಿ ನೀರು ಚಿಮುಕಿಸಿದಾಗ ಸುಮ್ನೆ ಕೂತು ಕುದಿದರೆ ಇನ್ನೂ ಕಾದಿಲ್ಲ, ಚೊಂಯ್ ಅಂತ ತಕ್ಷಣ ಆರಿಹೋದರೆ ದೋಸೆ, ರೊಟ್ಟಿಗೆ ಸರಿ, ಹನಿ ಮುತ್ತಾಗಿ ಓಡಾಡಿದರೆ ತುಂಬಾ ಕಾದಿದೆ. ಕೋಳಿ, ಮೀನು, ಅಣಬೆಗೆ ಆ ಕಾವು ಬೇಕು, ಹಿಟ್ಟಿಗೆ ಬೇಡ.

ಒಮ್ಮೆ ಕಾದ ಮೇಲೆ ಉರಿ ತಗ್ಗಿಸಿ. ಗ್ಯಾಸ್ ಆರಿಸಿದ ಮೇಲೂ ಐದಾರು ನಿಮಿಷ ಬೇಯುತ್ತಲೇ ಇರುತ್ತದೆ. ಹಾಗಾಗಿ ಪೂರ್ತಿ ಕೆಂಪಾಗುವ ಮುಂಚೆಯೇ ಆರಿಸಬೇಕು. ಹಿಡಿ ಕೂಡ ಅಷ್ಟೇ ಬಿಸಿ, ಪಕ್ಕದಲ್ಲಿ ದಪ್ಪ ಬಟ್ಟೆ ಇಟ್ಟುಕೊಳ್ಳಿ.

ಇಡ್ಲಿ ಹಿಟ್ಟು ಉಳಿದಿದ್ದರೆ: ದಪ್ಪ ರೊಟ್ಟಿ

ನನ್ನ ಪ್ರಕಾರ ಬೀಡಿನ ಬಾಣಲೆಗೆ ಇದಕ್ಕಿಂತ ಸುಲಭವಾದ, ಇದಕ್ಕಿಂತ ತೃಪ್ತಿ ಕೊಡುವ ಊಟ ಇಲ್ಲ. ಆಂಧ್ರದ ಕಡೆ ಇದಕ್ಕೆ ದಿಬ್ಬ ರೊಟ್ಟಿ ಅನ್ನುತ್ತಾರೆ, ಅಲ್ಲಿ ಉದ್ದು ಮತ್ತು ಅಕ್ಕಿ ರವೆಯಲ್ಲಿ ತರಕಾರಿ ಇಲ್ಲದೆ ಮಾಡುತ್ತಾರೆ. ಗುಜರಾತಿನ ಹಾಂಡ್ವೊ ಸೋರೆಕಾಯಿ ತುರಿದು ಹಾಕಿದ್ದು. ನಾವು ಮನೆಯಲ್ಲಿರುವ ಹಿಟ್ಟಿಗೆ ಎರಡರ ಬುದ್ಧಿಯನ್ನೂ ಸೇರಿಸೋಣ.

3 ಲೋಟ ಗಟ್ಟಿ ಇಡ್ಲಿ ಹಿಟ್ಟು. ದೋಸೆ ಹಿಟ್ಟಾದರೆ 2–3 ಚಮಚ ರವೆ ಕಲಸಿ 10 ನಿಮಿಷ ಬಿಡಿ. ಅದಕ್ಕೆ ಒಂದು ಕ್ಯಾರೆಟ್ ತುರಿ, ಒಂದು ಈರುಳ್ಳಿ, ಹಿಡಿ ಸಬ್ಬಸಿಗೆ ಅಥವಾ ಕೊತ್ತಂಬರಿ ಸೊಪ್ಪು, ಎರಡು ಹಸಿಮೆಣಸಿನಕಾಯಿ, ಬೇಯಿಸಿದ ಕಾಳು ಇದ್ದರೆ ಒಂದು ಹಿಡಿ. ಹಿಟ್ಟು ಫ್ರಿಜ್ಜಿನಿಂದ ತೆಗೆದದ್ದಾದರೆ ಅರ್ಧ ಗಂಟೆ ಹೊರಗಿಡಿ, ತಣ್ಣಗಿನ ಹಿಟ್ಟು ಬಾಣಲೆಯ ಕಾವನ್ನೆಲ್ಲ ಎಳೆದುಕೊಂಡು ತಳಕ್ಕೆ ಅಂಟುತ್ತದೆ.

ಬಾಣಲೆ ಕಾದ ಮೇಲೆ 2 ದೊಡ್ಡ ಚಮಚ ಎಣ್ಣೆ ಹಾಕಿ, ಅದರಲ್ಲೇ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕರಿಬೇವು, ಚಿಟಿಕೆ ಇಂಗು. ಒಗ್ಗರಣೆ ಸಿಡಿದು ಬೇಳೆ ಹೊಂಬಣ್ಣ ಆಗುತ್ತಿದ್ದಂತೆ ಎಣ್ಣೆ ಅಂಚಿಗೂ ಹೋಗುವಂತೆ ಬಾಣಲೆ ಓರೆ ಮಾಡಿ, ಹಿಟ್ಟನ್ನು ಒಟ್ಟಿಗೆ ಸುರಿಯಿರಿ. ಕದಡಬೇಡಿ. ಒಗ್ಗರಣೆ ಕೆಳಗೇ ಉಳಿದು ತಳದ ಗರಿಗರಿಗೆ ಅಂಟಿಕೊಳ್ಳಬೇಕು, ಅದೇ ಇದರ ರುಚಿ. ಮುಚ್ಚಳ ಮುಚ್ಚಿ ಅತಿ ಸಣ್ಣ ಉರಿಯಲ್ಲಿ 10ರಿಂದ 12 ನಿಮಿಷ. ಮೇಲ್ಭಾಗ ಮಿರುಗುವುದು ನಿಂತು ತೂತು ತೂತಾದಾಗ ಅಂಚಿಗೆ ಸಟ್ಟುಗ ಹಾಕಿ ನೋಡಿ, ತಾನಾಗಿ ಬಿಡುತ್ತದೆ. ಬಿಡದಿದ್ದರೆ ಬಲವಂತ ಮಾಡಬೇಡಿ, ಇನ್ನೂ 2 ನಿಮಿಷ ಕೊಡಿ. ಆಮೇಲೆ ಒಂದು ತಟ್ಟೆಗೆ ಜಾರಿಸಿಕೊಂಡು, ಬಾಣಲೆಗೆ ಚಮಚ ಎಣ್ಣೆ ಹಾಕಿ, ರೊಟ್ಟಿಯನ್ನು ಮಗುಚಿ ಹಾಕಿ. ಬಾಣಲೆಯನ್ನೇ ತಟ್ಟೆಯ ಮೇಲೆ ಬೋರಲು ಹಾಕುವ ಸಾಹಸ ಬೇಡ, ಅದು ಭಾರ, ಕೈ ಸುಡುತ್ತದೆ. ಎರಡನೇ ಕಡೆಗೆ 6–7 ನಿಮಿಷ, ಮುಚ್ಚಳ ಬೇಡ. ಚಾಕು ಚುಚ್ಚಿದರೆ ಹಿಟ್ಟು ಅಂಟಬಾರದು. ಹೊರಗೆ ತೆಗೆದು 5 ನಿಮಿಷ ಬಿಟ್ಟು ಕೊಯ್ಯಿರಿ, ಬಿಸಿಯಲ್ಲೇ ಕೊಯ್ದರೆ ಒಳಗೆ ಮುದ್ದೆಯಾಗಿ ಕಾಣುತ್ತದೆ. ಶೇಂಗಾ ಚಟ್ನಿಪುಡಿ ಮತ್ತು ಗಟ್ಟಿ ಮೊಸರು ಇದ್ದರೆ ಬೇರೇನೂ ಬೇಡ.

ಹಿಟ್ಟಷ್ಟೇ ಇದ್ದರೆ: ಅಕ್ಕಿ ರೊಟ್ಟಿ, ತಾಲಿಪಟ್ಟು

ಅಕ್ಕಿ ರೊಟ್ಟಿಯನ್ನು ತಣ್ಣಗಿನ ಬಾಣಲೆಗೇ ತಟ್ಟುವುದು ನಮ್ಮ ಕಡೆಯ ರೂಢಿ. ಮೊದಲ ರೊಟ್ಟಿಗೆ ಇದು ಬೀಡಿನಲ್ಲಿ ತುಂಬಾ ಚೆನ್ನಾಗಿ ಬರುತ್ತದೆ, ಏಕೆಂದರೆ ಬಾಣಲೆಯ ಜೊತೆಗೇ ರೊಟ್ಟಿ ನಿಧಾನ ಕಾದು ಕೆಳಗೆ ಪೂರ್ತಿ ಒಂದೇ ಬಣ್ಣಕ್ಕೆ ಬರುತ್ತದೆ. ತೊಂದರೆ ಎರಡನೆಯದಕ್ಕೆ. ತೆಳು ಬಾಣಲೆಯಾದರೆ ತಳಕ್ಕೆ ನಲ್ಲಿ ನೀರು ಬಿಟ್ಟು ಆರಿಸಿ ಮತ್ತೆ ತಟ್ಟುತ್ತಾರೆ. ಬೀಡಿಗೆ ಇದನ್ನು ಯಾವತ್ತೂ ಮಾಡಬೇಡಿ. ಮುಂದಿನವನ್ನು ಬಾಳೆ ಎಲೆ ಮೇಲೆ ಎಣ್ಣೆ ಸವರಿ ತಟ್ಟಿ, ಎಲೆ ಸಮೇತ ಬಾಣಲೆಗೆ ಬೋರಲು ಹಾಕಿ, ಅರ್ಧ ನಿಮಿಷ ಬಿಟ್ಟು ಎಲೆ ಬಿಡಿಸಿಕೊಳ್ಳಿ. ಬಾಳೆ ಎಲೆ ಇಲ್ಲದಿದ್ದರೆ ಒದ್ದೆ ಹತ್ತಿ ಬಟ್ಟೆ, ಅದನ್ನು ಮಾತ್ರ ರೊಟ್ಟಿ ಬಾಣಲೆಗೆ ತಾಗಿದ ಕೂಡಲೇ ತೆಗೆಯಬೇಕು.

2 ಲೋಟ ಅಕ್ಕಿ ಹಿಟ್ಟಿಗೆ ಈರುಳ್ಳಿ, ತೆಂಗಿನ ತುರಿ, ಜೀರಿಗೆ, ಹಸಿಮೆಣಸು, ಉಪ್ಪು. ಊಟ ಅನ್ನಿಸಬೇಕಾದರೆ ಸೊಪ್ಪು ಮತ್ತು ಕಾಳು ಧಾರಾಳವಾಗಿ ಹಾಕಿ. ಅವರೆ ಕಾಲದಲ್ಲಿ ಬೇಯಿಸಿದ ಅವರೆಕಾಳು, ಉಳಿದ ದಿನ ತೊಗರಿಕಾಳೋ ಹೆಸರುಕಾಳೋ. ಬಿಸಿನೀರಿನಲ್ಲಿ ಕಲಸಿದರೆ ಹಿಟ್ಟು ಜಿಗಿ ಬಂದು ಬಿರಿಯುವುದಿಲ್ಲ. ತಟ್ಟಿದ ಮೇಲೆ ನಡುವೆ ಬೆರಳಿನಿಂದ ಮೂರು ನಾಲ್ಕು ತೂತು ಮಾಡಿ, ತೂತಿಗೆ ಒಂದೊಂದು ಹನಿ ಎಣ್ಣೆ, ಮುಚ್ಚಿ 4–5 ನಿಮಿಷ. ಮೊಟ್ಟೆ ತಿನ್ನುವವರು ರೊಟ್ಟಿ ಮುಕ್ಕಾಲು ಬೆಂದಾಗ ಮೇಲೊಂದು ಮೊಟ್ಟೆ ಒಡೆದು ಹರಡಿ, ಮೆಣಸಿನ ಪುಡಿ ಉದುರಿಸಿ ಮಗುಚಬಹುದು.

ಉತ್ತರ ಕರ್ನಾಟಕದ ಮನೆಗಳಲ್ಲಿ ಇದೇ ಕೆಲಸವನ್ನು ತಾಲಿಪಟ್ಟು ಮಾಡುತ್ತದೆ. ಒಂದು ಲೋಟ ಜೋಳದ ಹಿಟ್ಟಿಗೆ ಕಾಲು ಕಾಲು ಲೋಟ ಕಡಲೆ ಹಿಟ್ಟು, ಗೋಧಿ ಹಿಟ್ಟು, ಜೊತೆಗೆ ಈರುಳ್ಳಿ, ಕೊತ್ತಂಬರಿ, ಓಮ, ಖಾರದ ಪುಡಿ, ಅರಿಶಿನ. ತಟ್ಟುವುದು, ಬೇಯಿಸುವುದು ಅದೇ ರೀತಿ. ಬೆಣ್ಣೆ ಮಾತ್ರ ಬಿಡಬೇಡಿ.

ಮಧ್ಯಾಹ್ನದ ಅನ್ನ ಇದ್ದರೆ

ಬಾಣಲೆಗೆ ಎಣ್ಣೆ, ಸಾಸಿವೆ, ಶೇಂಗಾ, ಒಣಮೆಣಸು, ಈರುಳ್ಳಿ, ಹಸಿ ಬಟಾಣಿ. ಅರಿಶಿನ, ಉಪ್ಪು. ಉದುರಾದ ಅನ್ನ ಹಾಕಿ ಕಲಸಿ, ಸಟ್ಟುಗದಿಂದ ಸಮ ಮಾಡಿ ಮೆಲ್ಲಗೆ ಒತ್ತಿ, 6 ನಿಮಿಷ ಸಣ್ಣ ಉರಿಯಲ್ಲಿ ಮುಟ್ಟದೆ ಬಿಡಿ. ತಳದಲ್ಲಿ ಗರಿಗರಿ ಪದರ ಕಟ್ಟುತ್ತದೆ, ಅದನ್ನು ಕೆರೆದು ಅನ್ನದೊಳಗೆ ಬೆರೆಸಿದರೆ ಮಾಮೂಲಿ ಚಿತ್ರಾನ್ನದ ರುಚಿಯೇ ಬೇರೆಯಾಗುತ್ತದೆ. ನಿಂಬೆರಸವನ್ನು ಬಾಣಲೆಗೆ ಹಿಂಡಬೇಡಿ, ತಟ್ಟೆಗೆ ಬಡಿಸಿದ ಮೇಲೆ ಹಿಂಡಿ.

ಇಲ್ಲೇ ಹುಳಿಯ ವಿಷಯ ಹೇಳಿಬಿಡುತ್ತೇನೆ. ಹುಣಸೆ, ಟೊಮ್ಯಾಟೊ, ನಿಂಬೆ, ಮಜ್ಜಿಗೆ ಇವೆಲ್ಲ ಕಬ್ಬಿಣವನ್ನು ಕರಗಿಸುತ್ತವೆ. ಕೊನೆಯ 5 ನಿಮಿಷಕ್ಕೆ ಸ್ವಲ್ಪ ಟೊಮ್ಯಾಟೊ ಬಿದ್ದರೆ ಏನೂ ಆಗುವುದಿಲ್ಲ. ಆದರೆ ಸಾರು, ಗೊಜ್ಜು, ಹುಳಿ ಇಟ್ಟು ಕುದಿಸಿದರೆ ಪಳಗಿದ ಪದರ ಹೋಗುತ್ತದೆ, ಊಟಕ್ಕೆ ಕಬ್ಬಿಣದ ಒಗರು ಬರುತ್ತದೆ. ಬಾಳೆಕಾಯಿ, ಬಾಳೆಹೂವು, ಬದನೆಯಂಥ ಒಗರಿನ ತರಕಾರಿಗಳೂ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತವೆ, ತಿನ್ನಲು ತೊಂದರೆ ಇಲ್ಲ, ಬಣ್ಣ ಮಾತ್ರ ಕೆಡುತ್ತದೆ. ಹೀಗೆ ಊಟಕ್ಕೆ ಸೇರುವ ಕಬ್ಬಿಣದ ಅಂಶ ಸಾಮಾನ್ಯವಾಗಿ ಒಳ್ಳೆಯದೇ. ಮನೆಯಲ್ಲಿ ಥಲಸ್ಸೀಮಿಯಾದಂಥ ಕಾಯಿಲೆಯಿಂದ ದೇಹದಲ್ಲಿ ಕಬ್ಬಿಣ ಜಾಸ್ತಿಯಾಗಿರುವವರಿದ್ದರೆ ಮಾತ್ರ ವೈದ್ಯರನ್ನು ಕೇಳಿ ಬಳಸಿ.

ಕೋಳಿ, ಆಲೂಗಡ್ಡೆ, ಮೆಣಸು

ಇದಕ್ಕೆ 40 ನಿಮಿಷ ಬೇಕು, ಆದರೆ ಅದರಲ್ಲಿ ಅರ್ಧ ಹೊತ್ತು ನೀವು ಅಡುಗೆಮನೆಯಲ್ಲಿ ನಿಲ್ಲಬೇಕಾಗಿಲ್ಲ. ಮೂಳೆ ಇಲ್ಲದ ಕೋಳಿ ತೊಡೆ ಮಾಂಸ 500 ಗ್ರಾಂ, ಉಪ್ಪು ಅರಿಶಿನ ಹಚ್ಚಿ ಪಕ್ಕಕ್ಕಿಡಿ. ಎರಡು ಆಲೂಗಡ್ಡೆಯನ್ನು ಅರ್ಧ ಬೆರಳು ದಪ್ಪ ಬಿಲ್ಲೆ ಮಾಡಿ, ಬಟ್ಟೆಯಲ್ಲಿ ಒರೆಸಿ. 2 ಚಮಚ ಮೆಣಸು, 1 ಚಮಚ ಧನಿಯಾ, ಅರ್ಧ ಚಮಚ ಸೋಂಪನ್ನು ಒಣ ಬಾಣಲೆಯಲ್ಲೇ ಬೆಚ್ಚಗೆ ಹುರಿದು ತರಿಯಾಗಿ ಕುಟ್ಟಿಕೊಳ್ಳಿ. ಹೇಗೂ ಬಾಣಲೆ ಕಾಯಬೇಕಲ್ಲ, ಆ ಕಾವು ಸುಮ್ನೆ ಹೋಗದಿರಲಿ.

ಬಾಣಲೆಗೆ 2 ದೊಡ್ಡ ಚಮಚ ಎಣ್ಣೆ, ಆಲೂಗಡ್ಡೆ ಒಂದೇ ಪದರವಾಗಿ ಜೋಡಿಸಿ, ಎರಡೂ ಕಡೆ ಕೆಂಪಾಗಲು 8 ನಿಮಿಷ. ತೆಗೆದಿಡಿ. ಉರಿ ಸ್ವಲ್ಪ ಏರಿಸಿ, ಕೋಳಿಯ ನೀರನ್ನು ಒರೆಸಿ, ತುಂಡುಗಳು ಒಂದಕ್ಕೊಂದು ತಾಗದಂತೆ ಹಾಕಿ. ಈಗ 4 ನಿಮಿಷ ಕೈಯಾಡಿಸಬೇಡಿ. ಮಾಂಸ ಮೊದಲು ತಳಕ್ಕೆ ಅಂಟುತ್ತದೆ, ಕೆಂಪು ಬಂದ ಮೇಲೆ ತಾನೇ ಬಿಡುತ್ತದೆ. ಅಂಟಿತು ಅಂತ ಗಾಬರಿಯಾಗಿ ಕೆದಕಿದರೆ ತೊಗಲು ತಳದಲ್ಲೇ ಉಳಿಯುತ್ತದೆ. ತಿರುವಿ ಹಾಕಿ, ಸಂದಿಯಲ್ಲಿ ಹೆಚ್ಚಿದ ಈರುಳ್ಳಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಕರಿಬೇವು. ಈರುಳ್ಳಿ ಬಾಡಿದಾಗ ಕುಟ್ಟಿದ ಪುಡಿ, ಆಲೂಗಡ್ಡೆ, ನಾಲ್ಕು ಚಮಚ ಬಿಸಿನೀರು. ಮುಚ್ಚಿ, ಸಣ್ಣ ಉರಿ, 8–10 ನಿಮಿಷ. ಆ ನೀರಿಗೆ ತಳದಲ್ಲಿ ಹಿಡಿದಿದ್ದ ಮಸಾಲೆ ಎಲ್ಲ ಬಿಟ್ಟುಕೊಂಡು ಆಲೂಗಡ್ಡೆಗೆ ಹತ್ತುತ್ತದೆ. ಮುಚ್ಚಳ ತೆಗೆದು ಒಣಗಿಸಿ. ದೊಡ್ಡ ತುಂಡನ್ನು ಕೊಯ್ದು ಒಳಗೆ ಗುಲಾಬಿ ಬಣ್ಣ ಇಲ್ಲ ಅಂತ ನೋಡಿಕೊಳ್ಳಿ. ಕೊಡಗಿನವರ ಹಾಗೆ ಕಾಚಂಪುಳಿ ಅನ್ನುವ ಕಪ್ಪು ಹುಳಿರಸ ಹಾಕುವುದಾದರೆ ಅದು ಬಲು ಹುಳಿ, ಗ್ಯಾಸ್ ಆರಿಸಿದ ಮೇಲೆ ಕಾಲು ಚಮಚ ಸಾಕು, ಹಾಕಿದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ.

ಸಸ್ಯಾಹಾರಿಗಳು ಕೋಳಿಯ ಜಾಗಕ್ಕೆ ಅಣಬೆ ಅಥವಾ ಪನೀರ್ ಹಾಕಬಹುದು. ಅಣಬೆ ನೀರು ಬಿಡುತ್ತದೆ, ಹಾಗಾಗಿ ಬಾಣಲೆ ಚೆನ್ನಾಗಿ ಕಾದಿರಲಿ, ಉಪ್ಪು ಕೊನೆಗೆ ಹಾಕಿ. ಪನೀರ್‌ಗೆ ಮುಚ್ಚಿ ಬೇಯಿಸುವ ಹಂತವೇ ಬೇಡ, ಆಲೂಗಡ್ಡೆಯನ್ನೇ ಮೊದಲು ಪೂರ್ತಿ ಬೇಯಿಸಿಕೊಳ್ಳಿ.

ಮೀನಿಗೂ ಇದೇ ನಿಯಮ. ಬಂಗುಡೆಗೆ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ, ಕಾದ ಎಣ್ಣೆಗೆ ಹಾಕಿ, ಒಂದು ಕಡೆ ಪೂರ್ತಿ ಆಗುವವರೆಗೆ ಮುಟ್ಟಬೇಡಿ. ಮೀನಿನ ವಾಸನೆ ಉಳಿದರೆ ತೊಳೆದ ಮೇಲೆ ಒಂದು ಹಿಡಿ ಕಲ್ಲುಪ್ಪು ಹಾಕಿ 5 ನಿಮಿಷ ಹುರಿದು ಚೆಲ್ಲಿ. ಮರುದಿನ ಅದೇ ಬಾಣಲೆಯಲ್ಲಿ ದೋಸೆ ಹಾಕಬಹುದು.

ಅಮೆರಿಕದಲ್ಲಿರುವ ನಮ್ಮವರಿಗೆ ಬೀಡಿನ ಪಾತ್ರೆ ಹುಡುಕುವ ಕಷ್ಟವಿಲ್ಲ. ಟೆನೆಸ್ಸಿಯ ಸೌತ್ ಪಿಟ್ಸ್‌ಬರ್ಗ್‌ನಲ್ಲಿ 1896ರಲ್ಲಿ ಶುರುವಾದ ಲಾಡ್ಜ್ ಕಂಪನಿಯ ಬಾಣಲೆ ಅಲ್ಲಿ ಎಲ್ಲ ಕಡೆ ಸಿಗುತ್ತದೆ. ಅಲ್ಲಿನ ಗಾಜಿನ ಒಲೆಯ ಮೇಲೆ ಬಾಣಲೆ ಎಳೆಯಬೇಡಿ, ಎತ್ತಿಡಿ. ಓವನ್ ಇರುವುದರಿಂದ ದಪ್ಪ ರೊಟ್ಟಿಯನ್ನು ಮಗುಚುವ ಕೆಲಸವೂ ಇಲ್ಲ: ತಳ ಕೆಂಪಾದ ಮೇಲೆ ಬಾಣಲೆ ಸಮೇತ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 15–20 ನಿಮಿಷ ಇಟ್ಟರೆ ಮೇಲೂ ಬಣ್ಣ ಬರುತ್ತದೆ.

ತೊಳೆಯುವುದು, ತುಕ್ಕು

ಊಟ ಉಳಿದರೆ ಬಾಣಲೆಯಲ್ಲೇ ಬಿಡಬೇಡಿ, ಸ್ಟೀಲ್ ಡಬ್ಬಿಗೆ ತೆಗೆದಿಡಿ. ಬಾಣಲೆ ಉಗುರುಬೆಚ್ಚಗೆ ಇರುವಾಗಲೇ ಬಿಸಿನೀರು, ತೆಂಗಿನ ನಾರು ಹಾಕಿ ಉಜ್ಜಿದರೆ ಒಂದು ನಿಮಿಷದ ಕೆಲಸ. ಸೋಪು ಹಾಕಲೇಬಾರದು ಅನ್ನುವುದು ನಿಜವಲ್ಲ, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿದರೆ ಗಟ್ಟಿಯಾದ ಪದರಕ್ಕೆ ಏನೂ ಆಗುವುದಿಲ್ಲ. ಕೆಡಿಸುವುದು ಎರಡು: ಸ್ಟೀಲ್ ನಾರಿನಿಂದ ದಿನಾ ಉಜ್ಜುವುದು, ಸಿಂಕಿನಲ್ಲಿ ರಾತ್ರಿಯಿಡೀ ನೆನೆಹಾಕುವುದು. ಮನೆಗೆಲಸಕ್ಕೆ ಬರುವವರು ಇದ್ದರೆ ಈ ಬಾಣಲೆಯನ್ನು ಬೇರೆ ಪಾತ್ರೆಗಳ ಜೊತೆ ಸಿಂಕಿಗೆ ಹಾಕದೆ ನೀವೇ ತೊಳೆದಿಡುವುದು ಒಳ್ಳೆಯದು. ಏನಾದರೂ ಗಟ್ಟಿಯಾಗಿ ಹಿಡಿದಿದ್ದರೆ ಅದರಲ್ಲೇ ಸ್ವಲ್ಪ ನೀರು ಕುದಿಸಿ, ಮರದ ಸೌಟಿನಿಂದ ಕೆರೆಯಿರಿ. ಆಮೇಲೆ ಬಟ್ಟೆಯಲ್ಲಿ ಒರೆಸಿ, ಒಲೆ ಮೇಲೆ 2 ನಿಮಿಷ ಇಟ್ಟು ತೇವ ಪೂರ್ತಿ ಆರಿಸಿ, ಅರ್ಧ ಚಮಚ ಎಣ್ಣೆ ಸವರಿ ಒರೆಸಿಡಿ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಈ ಕೊನೆಯ ಕೆಲಸ ಒಂದು ದಿನವೂ ತಪ್ಪಬಾರದು.

ಅಟ್ಟದ ಮೇಲೆ ಅಜ್ಜಿ ಕಾಲದ ಬಾಣಲೆ ತುಕ್ಕು ಹಿಡಿದು ಬಿದ್ದಿದ್ದರೆ ಗುಜರಿಗೆ ಕೊಡಬೇಡಿ. ಹಳೆಯ ಪಾತ್ರೆಗಳ ಮೈ ಬಳಸಿ ಬಳಸಿ ನುಣುಪಾಗಿರುತ್ತದೆ. ಮೊದಲು ಬಿರುಕು ಇದೆಯಾ ಅಂತ ನೋಡಿ: ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯಂಥ ನಾದ ಬರಬೇಕು, ಒಡಕು ಸದ್ದು ಬಂದರೆ ಅದು ಅಡುಗೆಗೆ ಬೇಡ. ಸರಿ ಇದ್ದರೆ ಕಲ್ಲುಪ್ಪು ಹಾಕಿ ಅರ್ಧ ಆಲೂಗಡ್ಡೆಯಿಂದ ತಿಕ್ಕಿ, ಜಾಸ್ತಿ ತುಕ್ಕಿದ್ದರೆ ಈ ಒಂದು ಸಲ ಸ್ಟೀಲ್ ನಾರು ಬಳಸಿ. ಕೆಂಪು ನೀರು ಬರುವುದು ನಿಂತ ಮೇಲೆ ತೊಳೆದು, ತಕ್ಷಣ ಒಲೆ ಮೇಲಿಟ್ಟು ಒಣಗಿಸಿ. ಬಯಲಾದ ಕಬ್ಬಿಣಕ್ಕೆ ಗಾಳಿಯಲ್ಲೇ ಬೇಗ ಮತ್ತೆ ತುಕ್ಕು ಬರುತ್ತದೆ, ನಾಳೆ ನೋಡೋಣ ಅಂತ ಬಿಡಬೇಡಿ. ಮೇಲೆ ಹೇಳಿದ ಹಾಗೆ ನಾಲ್ಕೈದು ಸಲ ಎಣ್ಣೆ ಕುಡಿಸಿ. ಮೊದಲ ಕೆಲವು ದಿನ ಅದರಲ್ಲಿ ಎಣ್ಣೆ ಧಾರಾಳ ಇರುವ ಅಡುಗೆಯನ್ನೇ ಮಾಡಿ: ಒಗ್ಗರಣೆ, ಆಲೂಗಡ್ಡೆ ಹುರಿಯುವುದು, ತಾಲಿಪಟ್ಟು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಕಾದ ತಳಕ್ಕೆ ತಿಕ್ಕಿಯೇ ಹಿಟ್ಟು ಹಾಕಿ. ಮೊಟ್ಟೆ ಮತ್ತು ಮೀನನ್ನು ಪದರ ಕಪ್ಪಾಗಿ ಹೊಳೆಯಲು ಶುರುವಾದ ಮೇಲೆ ಹಾಕಿದರೆ ಸಾಕು.